ಘಟ್ಟದ ದಾರಿಗೆ ಟ್ರೇಲರ್ ಎಳೆಯುವ ಲಾರಿಯ ಆಯ್ಕೆ

ಕಾರ್ಕಳದ ಕಲ್ಲು ಮತ್ತು ಗೋಡಂಬಿ, ಮಣಿಪಾಲದ ಮುದ್ರಿತ ಸಾಮಗ್ರಿ, ಕಾಪು ಕರಾವಳಿಯ ಮೀನು ಬಯಲುಸೀಮೆಯನ್ನು ತಲುಪಬೇಕಾದರೆ ಪಶ್ಚಿಮ ಘಟ್ಟವನ್ನು ಏರಬೇಕು. ಆದುದರಿಂದ ಈ ಭಾಗದ ಉದ್ಯಮಿಗಳು ಸಮತಟ್ಟಾದ ದಾರಿಯ ಲೆಕ್ಕದಲ್ಲಿ ಲಾರಿಯನ್ನು ಕೊಂಡರೆ ಇಂಧನ, ಕ್ಲಚ್ ಮತ್ತು ಬ್ರೇಕ್‌ಗಳ ವೆಚ್ಚದಲ್ಲಿ ನಷ್ಟ ಅನುಭವಿಸಬೇಕಾಗುತ್ತದೆ. ಚಾಲಕನ ಪ್ರಾಣಕ್ಕೂ ಅಪಾಯ ತಪ್ಪಿದ್ದಲ್ಲ.

ಮೊದಲು ನಿರ್ಧರಿಸಬೇಕಾದುದು ಮಾರ್ಗ. ಮಣಿಪಾಲದಿಂದ ಹೆಬ್ರಿಯ ಮೂಲಕ ಸಾಗುವ ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿದ್ದು, ಅಲ್ಲಿ ಭಾರೀ ವಾಹನಗಳಿಗೆ ಅವಕಾಶವಿಲ್ಲ. ಕಾರ್ಕಳದಿಂದ ಮಾಳದ ಮೂಲಕ ಶೃಂಗೇರಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಕುದುರೆಮುಖ ಅರಣ್ಯದ ತಿರುವುಗಳನ್ನು ಹಾಯುತ್ತದೆ. ಹಾಸನ, ಬೆಂಗಳೂರುಗಳಿಗೆ ಹೋಗುವ ಭಾರದ ಸರಕಿಗೆ ಶಿರಾಡಿ ಘಾಟಿಯೇ ಮುಖ್ಯ ಆಸರೆ. ಆದರೆ 2018 ಹಾಗೂ 2024ರ ಮಳೆಗಾಲಗಳಲ್ಲಿ ಭೂಕುಸಿತದಿಂದ ಅಲ್ಲಿಯೂ ಸಂಚಾರ ಸ್ಥಗಿತಗೊಂಡಿತ್ತು.

ಎರಡನೆಯದು ಎಳೆಯುವ ಶಕ್ತಿ. ಒಳ್ಳೆಯ ಸಮತಟ್ಟು ರಸ್ತೆಯಲ್ಲಿ ಒಂದು ಟನ್ ಭಾರವನ್ನು ಉರುಳಿಸಲು ಸುಮಾರು 10 ಕಿಲೋಗ್ರಾಂ ಬಲ ಸಾಕು. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಅದು 60 ಕಿಲೋಗ್ರಾಂ, ಅಂದರೆ ಆರು ಪಟ್ಟು ಆಗುತ್ತದೆ. 2018ರ ತಿದ್ದುಪಡಿಯಂತೆ ಎರಡು ಆಕ್ಸಲ್‌ಗಳ ಲಾರಿ ಹಾಗೂ ಎರಡು ಆಕ್ಸಲ್‌ಗಳ ಟ್ರೇಲರ್ ಸೇರಿ ಸರಕು ಸಹಿತ 39.5 ಟನ್ ತೂಗಬಹುದು. ಇಷ್ಟು ಭಾರವನ್ನು ಅಂತಹ ಏರಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಯ್ಯಲು ಸುಮಾರು 200 ಅಶ್ವಶಕ್ತಿ, 30 ಕಿ.ಮೀ. ವೇಗಕ್ಕೆ ಸುಮಾರು 300 ಅಶ್ವಶಕ್ತಿಯ ಎಂಜಿನ್ ಬೇಕು. ಅಶ್ವಶಕ್ತಿಯಷ್ಟೇ ಮುಖ್ಯವಾದುದು ಕಡಿಮೆ ಸುತ್ತಿನಲ್ಲಿ ದೊರೆಯುವ ಟಾರ್ಕ್ ಮತ್ತು ಗಿಯರ್‌ಗಳ ಅನುಪಾತ. ಹೆದ್ದಾರಿಯ ವೇಗಕ್ಕೆ ಹೊಂದಿಸಿದ ಆಕ್ಸಲ್ ಘಟ್ಟದಲ್ಲಿ ಕ್ಲಚ್ಚನ್ನು ಸವೆಸುತ್ತದೆ.

ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುವುದು ಹಿಮಾಲಯದ ದೊಡ್ಡ ಸಮಸ್ಯೆ. ಲಡಾಖಿನ ಖರ್ದುಂಗ್ ಲಾ ಕಣಿವೆದಾರಿಯಲ್ಲಿ ಗಾಳಿಯ ಒತ್ತಡ ಕಡಲತೀರದ ಅರ್ಧದಷ್ಟು ಮಾತ್ರ. ನಮ್ಮ ಘಟ್ಟಗಳಲ್ಲಿ ಈ ಕೊರತೆ ಅಲ್ಪ. ಟರ್ಬೋ ಎಂಜಿನ್ ಅದನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಇಲ್ಲಿನ ನಿಜವಾದ ಸವಾಲುಗಳು ತಿರುವು, ಮಳೆ ಮತ್ತು ಇಳಿಜಾರು.

ಇಳಿಜಾರಿನ ವಿಚಾರವನ್ನು ಖರೀದಿದಾರರು ಹೆಚ್ಚಾಗಿ ಮರೆಯುತ್ತಾರೆ. 39.5 ಟನ್ ಭಾರ 600 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯು ಸುಮಾರು 800 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಇದರಲ್ಲಿ ಒಂದಂಶವನ್ನು ಟಯರುಗಳು ನುಂಗಿದರೂ ಉಳಿದುದನ್ನು ಎಂಜಿನ್ ಇಲ್ಲವೆ ಬ್ರೇಕ್ ತಾಳಿಕೊಳ್ಳಬೇಕು. ಬ್ರೇಕ್ ಒಂದನ್ನೇ ನೆಚ್ಚಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಆದುದರಿಂದ ಎಕ್ಸಾಸ್ಟ್ ಬ್ರೇಕ್ ಇರಲೇಬೇಕು. ನಿತ್ಯವೂ ಘಟ್ಟ ಇಳಿಯುವ ಟ್ರೇಲರಿಗೆ ರಿಟಾರ್ಡರ್ ಇದ್ದರೆ ಉತ್ತಮ. ಇಳಿಯುವ ಮೊದಲೇ ಕೆಳಗಿನ ಗಿಯರಿಗೆ ಬರುವುದು, ಎಂದಿಗೂ ನ್ಯೂಟ್ರಲ್ಲಿನಲ್ಲಿ ಇಳಿಸದಿರುವುದು ಚಾಲಕನ ಕರ್ತವ್ಯ.

ಕೊನೆಯದಾಗಿ, ಟ್ರೇಲರ್ ನಿಜಕ್ಕೂ ಬೇಕೇ ಎಂಬುದನ್ನು ವಿಚಾರಿಸಬೇಕು. ತಿರುವಿನಲ್ಲಿ ಟ್ರೇಲರಿನ ಹಿಂದಿನ ಚಕ್ರಗಳು ಒಳಬದಿಗೆ ಸರಿಯುತ್ತವೆ. ಖಾಲಿ ಟ್ರೇಲರನ್ನು ಎಳೆಯುವಾಗ ಒದ್ದೆ ಏರಿನಲ್ಲಿ ಲಾರಿಯ ಚಕ್ರ ಜಾರುವುದೂ ಉಂಟು. ಮೂಟೆ, ಪೆಟ್ಟಿಗೆಗಳಂತೆ ವಿಂಗಡಿಸಬಹುದಾದ ಸರಕಿಗೆ 28.5 ಟನ್ ಒಟ್ಟು ತೂಕದ ಮೂರು ಆಕ್ಸಲ್‌ಗಳ ಲಾರಿಯೇ ಅನುಕೂಲಕರ. ವಿಂಗಡಿಸಲಾಗದ ಕಲ್ಲಿನ ದಿಮ್ಮಿ, ಯಂತ್ರ, ಕಂಟೈನರ್‌ಗಳಿಗೆ ಮಾತ್ರ ಟ್ರೇಲರ್ ಯೋಗ್ಯ.

ಮುಂಗಡ ಕೊಡುವ ಮುನ್ನ ಮಾರಾಟಗಾರರಿಂದ ಲಾರಿಯ ಏರುವ ಸಾಮರ್ಥ್ಯವನ್ನು ಲಿಖಿತವಾಗಿ ಪಡೆಯಬೇಕು. ಆ ಅಂಕಿ ಖಾಲಿ ಲಾರಿಯದೋ, ಟ್ರೇಲರ್ ಮತ್ತು ಸರಕು ಸೇರಿದ ಪೂರ್ಣ ತೂಕದ್ದೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಾಧ್ಯವಾದರೆ ತುಂಬಿದ ಲಾರಿಯನ್ನು ತಾವು ಬಳಸುವ ಘಾಟಿಯಲ್ಲೇ ಏರಿಸಿ, ಇಳಿಸಿ ನೋಡುವುದು ಲೇಸು.