'ಆಕಾಶದ ಹೇನು' ಕಲಿಸಿದ ಪಾಠ

ಮರ, ಬಟ್ಟೆ, ಅಂಟು, ಒಂದು ಸಣ್ಣ ಎಂಜಿನು—ಇಷ್ಟರಿಂದಲೇ ಸಾಮಾನ್ಯನೊಬ್ಬನು ತನ್ನ ಮನೆಯಲ್ಲಿ ವಿಮಾನವನ್ನು ಕಟ್ಟಿ ಹಾರಬಹುದೆ? ಹಾರಬಹುದೆಂದು ಫ್ರಾನ್ಸಿನ ಆನ್ರಿ ಮಿನ್ಯೆ ತೋರಿಸಿಕೊಟ್ಟನು. ಅವನ ಎಚ್.ಎಂ. 14 ಎಂಬ ಪುಟ್ಟ ವಿಮಾನವು 1933ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. ಅದನ್ನು ಕಟ್ಟುವ ಕ್ರಮವನ್ನು ಅವನು 1934ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. 'ಆಕಾಶದ ಹೇನು' ಎಂಬುದು ಅವನಿಟ್ಟ ಹೆಸರು. ಇಂಗ್ಲೆಂಡಿನವರು ಅದನ್ನು 'ಹಾರುವ ಚಿಗಟ' ಎಂದು ಕರೆದರು. ಎರಡೂ ದೇಶಗಳಲ್ಲಿ ಹವ್ಯಾಸಿಗಳು ಉತ್ಸಾಹದಿಂದ ಕೆಲಸಕ್ಕೆ ತೊಡಗಿದರು.

ಇದರ ರಚನೆಯು ವಿಚಿತ್ರವಾದುದು. ಒಂದರ ಹಿಂದೆ ಒಂದರಂತೆ ಎರಡು ರೆಕ್ಕೆಗಳು; ಮುಂದಿನದು ತುಸು ಮೇಲೆ, ಹಿಂದಿನದು ತುಸು ಕೆಳಗೆ. ಚಾಲಕನು ದಂಡವನ್ನು ಹಿಂದಕ್ಕೆಳೆದರೆ ಮುಂದಿನ ರೆಕ್ಕೆಯೇ ಓರೆಯಾಗಿ, ವಿಮಾನದ ಮೂತಿ ಮೇಲೇಳುತ್ತಿತ್ತು. ದಂಡವನ್ನು ಪಕ್ಕಕ್ಕೆ ಸರಿಸಿದರೆ ಚುಕ್ಕಾಣಿ ತಿರುಗುತ್ತಿತ್ತು. ಕಾಲಿನಿಂದ ಒತ್ತುವ ಪೆಡಲುಗಳೇ ಇರಲಿಲ್ಲ.

ಆದರೆ 1935–36ರಲ್ಲಿ ದುರಂತಗಳು ಸಂಭವಿಸತೊಡಗಿದವು. ಮೂತಿ ಕೆಳಗಾಗಿ ಇಳಿಯತೊಡಗಿದ ಕೆಲವು ವಿಮಾನಗಳು ಮತ್ತೆ ಮೇಲೇಳದೆ ನೆಲಕ್ಕಪ್ಪಳಿಸಿ, ಚಾಲಕರು ಮಡಿದರು. ಆಗ ವಿಜ್ಞಾನಿಗಳು ಈ ವಿಮಾನವನ್ನು ವಾಯುಸುರಂಗದಲ್ಲಿಟ್ಟು ಪರೀಕ್ಷಿಸಿದರು. ಮೂತಿಯು ಸುಮಾರು 15 ಡಿಗ್ರಿಗಿಂತ ಹೆಚ್ಚು ಕೆಳಕ್ಕೆ ಬಾಗಿದರೆ, ಅದನ್ನು ಮೇಲೆತ್ತಲು ಸಾಕಷ್ಟು ಬಲವು ದೊರೆಯದೆಂದು ತಿಳಿದುಬಂದಿತು.

ಕಾರಣವೇನು? ಚಾಲಕನು ದಂಡವನ್ನೆಳೆದಾಗ ಮುಂದಿನ ರೆಕ್ಕೆಯ ಹಿಂದಂಚು ಕೆಳಗಿಳಿದು ಹಿಂದಿನ ರೆಕ್ಕೆಯನ್ನು ಸಮೀಪಿಸುತ್ತಿತ್ತು. ನಡುವಣ ಕಿರಿದಾದ ಸಂದಿನಲ್ಲಿ ಗಾಳಿಯು ವೇಗವಾಗಿ ನುಗ್ಗಿ, ಹಿಂದಿನ ರೆಕ್ಕೆಯನ್ನು ಎತ್ತುವ ಬಲವು ಹೆಚ್ಚುತ್ತಿತ್ತು. ಬಾಲವೆದ್ದರೆ ಮೂತಿ ತಗ್ಗಲೇಬೇಕಷ್ಟೆ! ಪಾರಾಗಲು ಮಾಡಿದ ಪ್ರಯತ್ನವೇ ಮುಳುವಾಯಿತು. ಗುರುತ್ವಕೇಂದ್ರದ ಸ್ಥಾನವು ತಪ್ಪಿದ್ದಲ್ಲಿ ಅಪಾಯವು ಮತ್ತಷ್ಟು ಹೆಚ್ಚುತ್ತಿತ್ತು.

ಆದುದರಿಂದಲೇ ಇಂದಿಗೂ ಮನೆಯಲ್ಲಿ ಕಟ್ಟಿದ ಅಥವಾ ಹಳೆಯದನ್ನು ದುರಸ್ತಿ ಮಾಡಿದ ವಿಮಾನಗಳನ್ನು ಹಾರಿಸುವ ಮುನ್ನ ಸಾಮಾನ್ಯವಾಗಿ ತೂಗಿ ನೋಡುತ್ತಾರೆ. ನಾವೂ ಒಂದು ಲೆಕ್ಕವನ್ನು ಮಾಡೋಣ. ಒಂದು ವಿಮಾನದ ಮುಂದಿನ ಎರಡು ಚಕ್ರಗಳ ಮೇಲೆ ಒಟ್ಟು 230 ಕಿಲೋಗ್ರಾಂ, ಬಾಲದ ಚಕ್ರದ ಮೇಲೆ 20 ಕಿಲೋಗ್ರಾಂ ತೂಕ ಬೀಳುತ್ತದೆ. ಅವುಗಳ ನಡುವಣ ದೂರ 4 ಮೀಟರ್ ಎಂದಿಟ್ಟುಕೊಳ್ಳೋಣ. 20ನ್ನು 4ರಿಂದ ಗುಣಿಸಿ, ಒಟ್ಟು ತೂಕವಾದ 250ರಿಂದ ಭಾಗಿಸಿದರೆ 0.32 ಬರುತ್ತದೆ. ಎಂದರೆ ಗುರುತ್ವಕೇಂದ್ರವು ಮುಂದಿನ ಚಕ್ರಗಳಿಂದ 32 ಸೆಂಟಿಮೀಟರ್ ಹಿಂದಿದೆ. ಬಾಲದ ಚಕ್ರದ ನೇರಕ್ಕೆ ಕೇವಲ 5 ಕಿಲೋಗ್ರಾಂ ಸೇರಿಸಿದರೆ ಅದು ಸುಮಾರು 39 ಸೆಂಟಿಮೀಟರಿಗೆ ಸರಿಯುತ್ತದೆ. ದುರಸ್ತಿಯಲ್ಲಿ ಬಾಲದ ಕಡೆ ಬಳಿದ ಹೆಚ್ಚಿನ ಬಣ್ಣವೂ ಲೆಕ್ಕಕ್ಕೆ ಬರುವುದೇಕೆಂದು ಈಗ ಸ್ಪಷ್ಟವಾಗುತ್ತದೆ.

ಮಿನ್ಯೆಯು ಎದೆಗುಂದದೆ ವಿನ್ಯಾಸವನ್ನು ತಿದ್ದಿ ಹೊಸ ಮಾದರಿಗಳನ್ನು ರಚಿಸಿದನು. ಹವ್ಯಾಸವೂ ಅಳಿಯಲಿಲ್ಲ. 1953ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಮತ್ತು ಸಂಗಡಿಗರು ಇಂಥ ವಿಮಾನ ಕಟ್ಟುವವರ ಸಂಘವೊಂದನ್ನು ಸ್ಥಾಪಿಸಿದರು. ಅದು ಇಂದು ವಿಶಾಲವಾಗಿ ಬೆಳೆದಿದೆ. ಕೈಚಳಕವು ವಿಮಾನವನ್ನು ಕಟ್ಟಬಲ್ಲುದು. ಆದರೆ ಅದರಲ್ಲಿ ಕುಳಿತವನು ಕ್ಷೇಮವಾಗಿ ಇಳಿಯಬೇಕಾದರೆ ಅಳತೆ, ತೂಕ, ಪರೀಕ್ಷೆಗಳೂ ಬೇಕು.