ಅಚ್ಚಿನಲ್ಲಿ ಒತ್ತಿ ತಯಾರಿಸುವ ಎಪಾಕ್ಸಿ ಕಾಂಪೋಸಿಟ್
ಎಪಾಕ್ಸಿ ರಾಳಕ್ಕೆ ಕಾರ್ಬನ್ ಅಥವಾ ಗಾಜಿನ ನಾರು ಸೇರಿದರೆ ಹಗುರವಾದ, ಬಲವಾದ ಕಾಂಪೋಸಿಟ್ ಸಿಗುತ್ತದೆ. ಇದು ಥರ್ಮೋಸೆಟ್: ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಕಂಪ್ರೆಷನ್ ಮೋಲ್ಡಿಂಗ್‌ನಲ್ಲಿ ರಾಳ ತುಂಬಿದ ನಾರಿನ ಹಾಳೆಯನ್ನು ಬಿಸಿ ಅಚ್ಚಿನೊಳಗಿಟ್ಟು ಒತ್ತುತ್ತಾರೆ.

ತೊಡಕಿರುವುದು ರಾಳದ ಸ್ವಭಾವದಲ್ಲೇ. ಹಾಳೆ ಕೈಗೆ ಅಂಟಬಾರದು, ದಾಸ್ತಾನಿನಲ್ಲಿ ತಾನಾಗಿ ಗಟ್ಟಿಯಾಗಬಾರದು, ಅಚ್ಚಿನಲ್ಲಿ ಮಾತ್ರ ಚೆನ್ನಾಗಿ ಹರಿದು ಬೇಗ ಗಟ್ಟಿಯಾಗಬೇಕು. ಈ ಮೂರನ್ನೂ ಒಟ್ಟಿಗೆ ಸಾಧಿಸುವುದೇ ಇಲ್ಲಿನ ಸೊಗಸಾದ ರಸಾಯನಶಾಸ್ತ್ರ. ಅದಕ್ಕಾಗಿ ಡೈಸಯಾನ್‌ಡೈಅಮೈಡ್‌ನಂಥ ಸುಪ್ತ ಗಟ್ಟಿಕಾರಕ ಬಳಸುತ್ತಾರೆ. ಕೋಣೆಯ ಉಷ್ಣತೆಯಲ್ಲಿ ಅದು ರಾಳದೊಳಗೆ ಪುಡಿಯಾಗಿಯೇ ಉಳಿದು, ಕಾದಾಗ ಕರಗಿ ಕ್ರಿಯೆಗಿಳಿಯುತ್ತದೆ. ಪಾಲಿಯೆಸ್ಟರ್ ಹಾಳೆಗಳಲ್ಲಿ ಸಾಮಾನ್ಯವಾದ ಸ್ಟೈರೀನ್ ಆವಿಯ ಕಾಟವೂ ಈ ಎಪಾಕ್ಸಿ ಹಾಳೆಗಳಲ್ಲಿ ಇಲ್ಲ.

ಉದಾಹರಣೆಗೆ, ಬೋಯಿಂಗ್ 787 ವಿಮಾನದ ಕಿಟಕಿ ಚೌಕಟ್ಟುಗಳನ್ನು ಕತ್ತರಿಸಿದ ಕಾರ್ಬನ್ ನಾರು ಮತ್ತು ಎಪಾಕ್ಸಿಯಿಂದ ಹೀಗೆಯೇ ಒತ್ತಿ ತಯಾರಿಸಲಾಗಿದೆ.