ಬಾಯಿಮಾತಿಗೆ ಕಟ್ಟಿದ ಗೋಡೆಗೆ ಬಿಲ್ ಆಗುತ್ತದೆಯೇ?

ಪ್ರಶ್ನೆ: ಲೋಕೋಪಯೋಗಿ ಇಲಾಖೆಯ ಕಟ್ಟಡದ ಟೆಂಡರ್ ನನ್ನದು. ಎಂಜಿನಿಯರ್ ಬಾಯಿಮಾತಿನಲ್ಲಿ ಹೇಳಿದರೆಂದು ಕಾಂಪೌಂಡ್ ಗೋಡೆಯನ್ನೂ ಕಟ್ಟಿದೆ. ಅವರಿಗೆ ವರ್ಗವಾಗಿದೆ, ಹೊಸಬರು ಬಿಲ್ ಬರೆಯುತ್ತಿಲ್ಲ. ಏನು ಮಾಡಲಿ?

ಉತ್ತರ: ಸರ್ಕಾರದ ಗುತ್ತಿಗೆ ಲಿಖಿತವಾಗಿರಬೇಕೆಂಬುದು ಸಂವಿಧಾನದ 299ನೇ ವಿಧಿಯ ಷರತ್ತು, ಎಂಜಿನಿಯರ್ ಮಾತು ಗುತ್ತಿಗೆಯಾಗದು. ಹಾಗೆಂದು ಇಲಾಖೆ ಗೋಡೆಯನ್ನು ಪುಕ್ಕಟೆ ಇಟ್ಟುಕೊಳ್ಳುವಂತಿಲ್ಲ. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಪ್ರಕರಣದಲ್ಲಿ ಅಧಿಕಾರಿಗಳ ಕೋರಿಕೆಯಂತೆ ಕಟ್ಟಿದ ಕೆಲಸಕ್ಕೆ, ಸಿಂಧುವಾದ ಗುತ್ತಿಗೆ ಇಲ್ಲದಿದ್ದರೂ, 1872ರ ಕರಾರು ಕಾಯ್ದೆಯ 70ನೇ ಕಲಮಿನಡಿ ಪರಿಹಾರ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಮ್ಮ ಕರಾರಿನಲ್ಲೇ ಹೆಚ್ಚುವರಿ ಕೆಲಸದ ಷರತ್ತಿದ್ದರೆ ಇಲಾಖೆ ಅದನ್ನೇ ಮುಂದಿಡುತ್ತದೆ. ಮೊದಲು ಅದನ್ನು ಓದಿ.

ಈಗಲೇ ಜಂಟಿ ಅಳತೆ ಕೋರಿ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫೋಟೊ, ಸಿಮೆಂಟ್ ಬಿಲ್, ಕೂಲಿ ಲೆಕ್ಕ, ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಅಳತೆ ಪುಸ್ತಕದಲ್ಲಿ ಗೋಡೆ ದಾಖಲಾಗಿದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಿ. ದಾಖಲಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಲಿಖಿತ ಆದೇಶ ಕೇಳಿದರೆ ಸಾಹೇಬರು ಮುನಿಸಿಕೊಳ್ಳುತ್ತಾರೆ ಎಂದು ನೀವು ಹೇಳಬಹುದು. ನಿಜವೇ, ಆದರೆ ಆಡಿಟ್ ಬಂದಾಗ ಅವರನ್ನು ಕಾಯುವುದೂ ಅದೇ ಕಾಗದ. ಮುಂದೆ ‘ತಾವು ಸೂಚಿಸಿದಂತೆ’ ಎಂದು ನೀವೇ ಅಂದೇ ಪತ್ರ ಬರೆದು, ಅನುಮೋದನೆ ಬಂದ ಮೇಲಷ್ಟೇ ಪಾಯ ತೆಗೆಯಿರಿ.

ದಾವೆಗೆ ಸಾಮಾನ್ಯವಾಗಿ ಕೆಲಸ ಮುಗಿದಂದಿನಿಂದ 3 ವರ್ಷದ ಗಡುವಿದೆ. ಸರ್ಕಾರಕ್ಕೆ 2 ತಿಂಗಳ ಮುಂಚಿತ ನೋಟಿಸ್ ಬೇಕು. ಎರಡನೇ ವರ್ಷ ಕಳೆದಿದ್ದರೆ ಈ ವಾರವೇ ಕರಾರು ಸಮೇತ ಸಿವಿಲ್ ವಕೀಲರನ್ನು ಕಾಣಿ.